ಹಕ್ಕಳೆ ಎದ್ದ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು 'ಬಣ್ಣ ಬಳಿಸಿ ನೋಡು' ಎಂಬುದನ್ನು ಯಾಕೆ ಸೇರಿಸಲಿಲ್ಲವೋ ಕಾಣೆ. ಬಹುಶಃ ಅವರ ಕಾಲಕ್ಕೆ ಅದೊಂದು ಕಷ್ಟವೇ ಆಗಿರಲಿಲ್ಲ. ಹಬ್ಬ ಹದಿನೈದು ದಿನ ಇದೆಯೆನ್ನುವಾಗ ಅಂಗಡಿಯಿಂದ ಸುಟ್ಟ ಸುಣ್ಣ ಬರುತ್ತಿತ್ತು. ಹಳೆಯ ಡ್ರಮ್ಮಿಗೆ ಅದನ್ನು ಸುರಿದು ನೀರು ಹೊಯ್ದರೆ ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ದೂರ ನಿಲ್ಲಿಸಿ ದೊಡ್ಡವರು ಕೋಲಿನಿಂದ ಕಲಕುತ್ತಿದ್ದರು. ಒಂದಿಷ್ಟು ನೀಲಿ ಬೆರೆಸಿ, ಹೋದ ವರ್ಷದ ಸುಣ್ಣದ ಮೇಲೆ ಈ ವರ್ಷದ ಸುಣ್ಣ ಹೊಡೆದರೆ ಮುಗಿಯಿತು. ಕೆಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಈ ಸುಣ್ಣದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಗೋಡೆಯನ್ನೇ ತೋರಿಸುತ್ತೇನೆ. ಕ್ಯಾಲ್ಸಿಯಂ ಆಕ್ಸೈಡ್ ನೀರು ಕುಡಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ನಾವು ಬಿಟ್ಟ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನೇ ನಿಧಾನವಾಗಿ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಅಂದರೆ ಸುಣ್ಣ ಹೊಡೆದ ಹಳೆಯ ಮನೆಯ ಗೋಡೆಯೆಂದರೆ ಆ ಮನೆಯವರ ಉಸಿರೂ ಸ್ವಲ್ಪ ಸೇರಿರುವ ಕಲ್ಲು. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ.

ಸುಣ್ಣದ ಜಾಗಕ್ಕೆ ಡಿಸ್ಟೆಂಪರ್ ಬಂತು, ಅದರ ಜಾಗಕ್ಕೆ ಎಮಲ್ಷನ್ ಬಂತು. ಆಮೇಲೆ ನಮ್ಮಂಥ ಊರುಗಳಿಗೂ ವಾಲ್‌ಪೇಪರ್ ಬಂತು. ನಮಗಿದು ಹೊಸದಾದರೂ ಯುರೋಪಿನವರಿಗೆ ಬಹಳ ಹಳೆಯದು. 1712ರಲ್ಲಿ ಇಂಗ್ಲೆಂಡಿನ ಸರ್ಕಾರ ಬಣ್ಣದ ವಾಲ್‌ಪೇಪರಿಗೆ ತೆರಿಗೆಯನ್ನೇ ಹಾಕಿತ್ತು. ಜನ ಸುಮ್ಮನಿರುತ್ತಾರೆಯೇ? ಬರಿಯ ಕಾಗದ ಕೊಂಡು ಗೋಡೆಗೆ ಅಂಟಿಸಿ, ಅದರ ಮೇಲೆ ಅಚ್ಚಿಟ್ಟು ಚಿತ್ರ ಬರೆಸಿಕೊಂಡರು. ಆ ತೆರಿಗೆ ಹೋದದ್ದು 1836ರಲ್ಲಿ. ಗೋಡೆಗೆ ಅಂಟಿಸಿದ ಕಾಗದದ ಮೇಲೆ ಬಣ್ಣ ಬಳಿಯುವ ವಿದ್ಯೆಗೆ ಮುನ್ನೂರು ವರ್ಷ ಆಯಿತೆನ್ನಿ.

ಶಿವಮೊಗ್ಗದ ನಮ್ಮ ಮನೆಯನ್ನು ಮಾವನವರು 1978ರಲ್ಲಿ ಕಟ್ಟಿಸಿದ್ದು. ಒಳಗಿನ ಚಿಕ್ಕ ಕೋಣೆ ಮೊದಲಿಂದಲೂ ಓದುವ ಮಕ್ಕಳಿಗೇ ಮೀಸಲು. ಒಂದು ಕಾಲಕ್ಕೆ ನಮ್ಮವರದ್ದಾಗಿತ್ತು, ಆಮೇಲೆ ಮಗಳದ್ದಾಯಿತು. 2012ರಲ್ಲಿ, ಅವಳು ಮೂರನೇ ತರಗತಿಯಲ್ಲಿದ್ದಾಗ, ಹಟ ಹಿಡಿದು ಮಂಚದ ಪಕ್ಕದ ಒಂದು ಗೋಡೆಗೆ ನೀಲಿ ಹೂವಿನ ವಾಲ್‌ಪೇಪರ್ ಅಂಟಿಸಿಕೊಂಡಳು. ಮೊದಲ ಐದಾರು ವರ್ಷ ಆ ಹೂವುಗಳಿಗೆ ನೆಂಟರಿಷ್ಟರ ಮಕ್ಕಳೆಲ್ಲ ಮುತ್ತಿಗೆ ಹಾಕಿದ್ದೇ ಹಾಕಿದ್ದು.

ಪಿಯುಸಿಗೆ ಬಂದ ಮೇಲೆ ಹೂವುಗಳ ಮೇಲೆ ಬೇರೆ ಬೆಳೆ ಬಂತು. ಮಗಳಿಗೆ ಡಾಕ್ಟರ್ ಆಗಬೇಕೆಂಬ ಆಸೆ. ನಾವು ಹೇಳಿದ್ದಲ್ಲ, ಅವಳದೇ ಆಸೆ. ದಪ್ಪ ಮಾರ್ಕರ್ ಪೆನ್ನಿನಲ್ಲಿ ಗೋಡೆಯ ಮೇಲೆ ಸೂತ್ರಗಳು ಬಂದವು, ಸಸ್ಯಗಳ ಕುಟುಂಬಗಳು ಬಂದವು, ಪರೀಕ್ಷೆಗೆ ಇನ್ನೆಷ್ಟು ದಿನ ಎಂಬ ಲೆಕ್ಕದ ಗೀಟುಗಳು ಬಂದವು. ಇವೆಲ್ಲದರ ನಡುವೆ ಒಂದು ಚೌಕ, ಚೌಕದೊಳಗೆ ನೇರಳೆ ಬಣ್ಣದಲ್ಲಿ 650. ನೀಟ್ ಪರೀಕ್ಷೆಯ 720ರಲ್ಲಿ ಅಷ್ಟು ತೆಗೆಯಬೇಕೆಂದು. 2022ರಲ್ಲಿ ಬರೆದಳು, ಬರಲಿಲ್ಲ. ಒಂದು ವರ್ಷ ಮನೆಯಲ್ಲೇ ಕೂತು ಲಾಂಗ್ ಟರ್ಮ್ ಓದಿ 2023ರಲ್ಲಿ ಮತ್ತೆ ಬರೆದಳು. ಅಂಕ ಹೆಚ್ಚಾಯಿತು, ಸೀಟು ಸಿಗುವಷ್ಟು ಆಗಲಿಲ್ಲ. ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ತಾನೇ ಎದ್ದು ಬಿ.ಎಸ್ಸಿ. ಅರ್ಜಿ ತುಂಬಿದಳು. ಮೈಸೂರಿನ ಹಾಸ್ಟೆಲಿಗೆ ಹೊರಟಳು.

2024ರ ಮೇ ತಿಂಗಳ ರಜೆಗೆ ಬಂದವಳು ಚೀಲ ಇಳಿಸಿದ ಮೇಲೆ ಆ ಕೋಣೆಗೆ ಹೋಗಲೇ ಇಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದಳು. ಸೆಖೆ ಅಂದಳು. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, "ಅಮ್ಮ, ಆ ಗೋಡೆಗೆ ಬಣ್ಣ ಬಳಿಸಿಬಿಡೋಣ. ಕಾಗದ ಕಿತ್ತು ಗಲೀಜು ಮಾಡೋದು ಬೇಡ, ಅದರ ಮೇಲೇ ಹೊಡೆದುಬಿಟ್ಟರೆ ಸಾಕು" ಅಂದಳು. ಸೆಖೆ ಎಲ್ಲಿಯದೆಂದು ನಮಗಿಬ್ಬರಿಗೂ ಅರ್ಥವಾಯಿತು.

ನಮ್ಮವರಿಗೆ ಉತ್ಸಾಹ ಬಂತು. ಹೋದ ವರ್ಷ ನಡುಮನೆಗೆ ಬಳಿದು ಉಳಿದ ಅರ್ಧ ಡಬ್ಬಿ ಎಮಲ್ಷನ್ ಅಟ್ಟದ ಮೇಲಿತ್ತು. ಭಾನುವಾರ ಲುಂಗಿ ಎತ್ತಿ ಕಟ್ಟಿ, ಗೋಡೆಯ ಕಾಲು ಭಾಗಕ್ಕೆ ಎರಡು ಕೋಟ್ ಹೊಡೆದೇಬಿಟ್ಟರು. ಮಧ್ಯಾಹ್ನ ನೋಡಿದರೆ ಹಾಲಿನಂತೆ ಬೆಳ್ಳಗಿತ್ತು. ಸಂಜೆ ದೀಪ ಹಾಕುವ ಹೊತ್ತಿಗೆ ಅಲ್ಲಲ್ಲಿ ಹಪ್ಪಳದಂತೆ ಗುಳ್ಳೆ ಎದ್ದಿತ್ತು. ಅದಾದರೂ ಹೋಗಲಿ, ಬಿಳಿಯ ನಡುವೆ ತೆಳ್ಳಗೆ, ನೇರಳೆ ಬಣ್ಣದಲ್ಲಿ 650 ಮತ್ತೆ ಮೂಡಿ ನಿಂತಿತ್ತು. ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಯಾರೂ ಮಾತಾಡಲಿಲ್ಲ.

ಮರುದಿನ ನಮ್ಮ ಬೀದಿಯಲ್ಲೇ ಕೆಲಸ ಮಾಡುತ್ತಿದ್ದ ಪೇಂಟಿಂಗ್ ಮೇಸ್ತ್ರಿಯನ್ನು ಕರೆದೆವು. ವಯಸ್ಸಾದ ಮನುಷ್ಯ. ಬಂದವರು ಬಣ್ಣದ ಮಾತೇ ಎತ್ತಲಿಲ್ಲ. ಬೆರಳ ಗೆಣ್ಣಿನಿಂದ ಗೋಡೆಯುದ್ದಕ್ಕೂ ಟಕಟಕ ತಟ್ಟುತ್ತ ಹೋದರು. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಟೊಳ್ಳು ಸದ್ದು. ಸ್ಪಂಜನ್ನು ನೀರಿನಲ್ಲಿ ಅದ್ದಿ ಕಾಗದಕ್ಕೆ ಒತ್ತಿ, "ಇದು ನೀರು ಕುಡಿಯೋ ಕಾಗದ ಟೀಚರೇ. ಪ್ಲಾಸ್ಟಿಕ್ ಮೈ ಇರೋದಾದ್ರೆ ನೀರು ಹಂಗೇ ಜಾರೋದು" ಎಂದರು. ಬಚ್ಚಲು ಮನೆಯ ಕಡೆಯ ಮೂಲೆಗೆ ಮೂಗು ಹಿಡಿದು ಮೂಸಿದರು. ಮುಗ್ಗಲು ವಾಸನೆ.

ಅವರು ಹೇಳಿದ್ದರ ಸಾರಾಂಶ ಇಷ್ಟು. ವಾಲ್‌ಪೇಪರಿನ ಮೇಲೆ ಬಣ್ಣ ಬಳಿಯಬಾರದೆಂದೇನೂ ಇಲ್ಲ. ಕಾಗದ ಎಲ್ಲ ಕಡೆ ಗಟ್ಟಿಯಾಗಿ ಕೂತಿರಬೇಕು, ಗೋಡೆ ಒಣಗಿರಬೇಕು. ಹಾಗಿದ್ದರೆ ಸೇರುವೆಗಳಿಗೆ ಪುಟ್ಟಿ ಹಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಮೊದಲು ಎಣ್ಣೆಯ ಪ್ರೈಮರ್ ಕೊಟ್ಟು ಆಮೇಲೆ ಬಣ್ಣ ಹೊಡೆಯಬಹುದು. ಎಮಲ್ಷನ್ ನೀರಿನ ಬಣ್ಣ. ನೇರವಾಗಿ ಹೊಡೆದರೆ ಅದರ ನೀರು ಒಳಗಿಳಿದು ಅಂಟನ್ನು ನೆನೆಸುತ್ತದೆ, ಗುಳ್ಳೆ ಏಳುತ್ತದೆ. ಮಾರ್ಕರಿನ ಶಾಯಿಯೂ ಅಷ್ಟೇ, ಎಷ್ಟು ಕೋಟ್ ಹೊಡೆದರೂ ಸೋಸಿಕೊಂಡು ಮೇಲೆ ಬರುತ್ತದೆ. ಅದನ್ನು ತಡೆಯಲೂ ಎಣ್ಣೆಯ ಪ್ರೈಮರೇ ಬೇಕು. "ಆದ್ರೆ ಈ ಗೋಡೆ ಟೊಳ್ಳು, ಮೇಲಾಗಿ ಥಂಡಿ. ಮುಚ್ಚಿದ್ರೆ ಇವತ್ತು ಚೆನ್ನಾಗಿರುತ್ತೆ, ಮಳೆಗಾಲಕ್ಕೆ ಪೂರ್ತಿ ಕೈಗೆ ಬರುತ್ತೆ" ಎಂದು ಮಗಳ ಕಡೆ ತಿರುಗಿ, "ಏನ್ ಮಾಡೋಣ ತಾಯಿ?" ಎಂದರು.

ಅವಳು ಉತ್ತರ ಕೊಡಲಿಲ್ಲ. ಅವರಿಗೆ ಚಹಾ ತಂದುಕೊಟ್ಟೆ. ಅಷ್ಟರಲ್ಲಿ ನನ್ನೊಳಗಿನ ಟೀಚರು ಸುಮ್ಮನಿರಬೇಕಲ್ಲ! ಒದ್ದೆ ಗೋಡೆಯ ಕಾಗದ ಎಂದ ಕೂಡಲೇ ನನಗೆ ಷೀಲೆ ನೆನಪಾದರು. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಷೀಲೆ 1775ರಲ್ಲಿ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಸೊಗಸಾದ ಹಸಿರು ಬಣ್ಣ ಮಾಡಿದರು. ಆ ಜಾತಿಯ ಹಸಿರುಗಳು ಮುಂದೆ ಯುರೋಪಿನ ವಾಲ್‌ಪೇಪರುಗಳಲ್ಲೆಲ್ಲ ಹರಡಿದವು. ಗೋಡೆ ಒದ್ದೆಯಾದರೆ ಕಾಗದಕ್ಕೆ ಬೂಷ್ಟು ಬರುತ್ತದೆ. ಆ ಬೂಷ್ಟು ಬಣ್ಣದಲ್ಲಿರುವ ಆರ್ಸೆನಿಕನ್ನು ವಿಷದ ಅನಿಲವಾಗಿ ಹೊರಗೆ ಬಿಡುತ್ತದೆಂದು ಇಟಲಿಯ ಗೋಸಿಯೊ ಎಂಬ ವಿಜ್ಞಾನಿ 1890ರ ದಶಕದಲ್ಲಿ ತೋರಿಸಿಕೊಟ್ಟರು. 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ತೀರಿಕೊಂಡ ನೆಪೋಲಿಯನ್ನನ ಮನೆಯ ವಾಲ್‌ಪೇಪರಿನ ಚೂರೊಂದನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಅದರಲ್ಲೂ ಆರ್ಸೆನಿಕ್ ಸಿಕ್ಕಿತು. ಅವನು ಸತ್ತದ್ದು ಹೊಟ್ಟೆಯ ಕ್ಯಾನ್ಸರಿನಿಂದ ಎಂದೇ ಹೆಚ್ಚಿನವರು ಒಪ್ಪುತ್ತಾರೆ, ಅದು ಬೇರೆ ಮಾತು.

"ನಮ್ಮ ಗೋಡೆಯಲ್ಲಿ ಅಂಥದ್ದೇನಿಲ್ಲ ಬಿಡು" ಎಂದು ಮುಗಿಸಿದೆ. ಮಗಳು ನಕ್ಕಳು. ಬಂದ ಮೇಲೆ ಅದೇ ಮೊದಲ ನಗು. "ಕಿತ್ತೇ ಬಿಡೋಣ ಮೇಸ್ತ್ರಿ" ಅಂದಳು.

ಕೀಳುವ ಕೆಲಸಕ್ಕೆ ಮೇಸ್ತ್ರಿ ಯಾಕೆ, ನಾವೇ ಮಾಡುತ್ತೇವೆಂದು ಅಪ್ಪ ಮಗಳು ಇಳಿದರು. ಬಿಸಿನೀರಿನ ಸ್ಪಂಜನ್ನು ಒತ್ತಿ ಹತ್ತು ನಿಮಿಷ ಬಿಡುವುದು, ಅಂಟು ನೆನೆದ ಮೇಲೆ ಅಗಲ ತಗಡಿನಿಂದ ಮೆಲ್ಲನೆ ಎಬ್ಬಿಸುವುದು. ಆದರೆ ನಮ್ಮ ಗೋಡೆಯಲ್ಲಿ ಕಾಗದವೊಂದೇ ಬರಲಿಲ್ಲ. ಅದರ ಬೆನ್ನಿಗೆ ಅಂಟಿಕೊಂಡು ಸುಣ್ಣವೂ ಹಕ್ಕಳೆ ಹಕ್ಕಳೆಯಾಗಿ ಬಂತು. ಒಳಗಿಂದ ತಿಳಿಹಸಿರು ಡಿಸ್ಟೆಂಪರ್ ಕಂಡಿತು. ನಾದಿನಿಯ ಮದುವೆಗೆಂದು 1988ರಲ್ಲಿ ಹೊಡೆಸಿದ್ದಂತೆ. "ಡಿಸ್ಟೆಂಪರ್ ಮೇಲೆ ಸುಣ್ಣ ಹಿಡಿಯಲ್ಲ ಅನ್ನೋದಕ್ಕೇ ಇದು" ಎಂದು ಮೇಸ್ತ್ರಿ ಆಮೇಲೆ ವಿವರಿಸಿದರು.

ಒಂದು ದೊಡ್ಡ ಹಕ್ಕಳೆ ಬಿದ್ದ ಜಾಗದಲ್ಲಿ ಪೆನ್ಸಿಲ್ ಬರಹವಿತ್ತು. ಮಗಳು ಒದ್ದೆ ಬಟ್ಟೆ ಕೆಳಗಿಟ್ಟು ಬಗ್ಗಿ ಓದಿದಳು. 'ಗಣಿತ 27' ಎಂದು ಬರೆದು ಸುತ್ತ ಗೆರೆ ಹಾಕಿತ್ತು. ಅದರ ಕೆಳಗೆ ಐದೈದರ ಕಟ್ಟಿನಲ್ಲಿ ಸಾಲುಸಾಲು ಗೀಟುಗಳು. ಕೊನೆಯಲ್ಲಿ 'ಈ ಸಲ ಪಾಸ್'. ಪಕ್ಕದಲ್ಲಿ ಇಸವಿ, 1991.

"ಅಪ್ಪ, ಇದ್ಯಾರದ್ದು?"

ನಮ್ಮವರು ಸ್ಟೂಲಿನ ಮೇಲೆ ನಿಂತಿದ್ದವರು ಮೆಲ್ಲಗೆ ಇಳಿದರು. ನನಗೆ ಈ ವಿಷಯ ಗೊತ್ತಿತ್ತು, ಮದುವೆಯ ಹೊಸದರಲ್ಲೇ ಹೇಳಿದ್ದರು. ಎಂಜಿನಿಯರ್ ಆಗಬೇಕೆಂದು ಸೈನ್ಸ್ ತೆಗೆದುಕೊಂಡವರು ದ್ವಿತೀಯ ಪಿಯುಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ಕೊನೆಗೆ ಬಿ.ಕಾಂ. ಸೇರಿದ್ದರು. ಮಗಳಿಗೆ ಗೊತ್ತಿದ್ದದ್ದು ಬಿ.ಕಾಂ. ಒಂದೇ. ದೊಡ್ಡವರ ಸೋಲಿನ ಕತೆ ಕೇಳಿದರೆ ಓದುವ ಮಕ್ಕಳಿಗೆ ಸಡಿಲ ಬಿಟ್ಟಂತಾಗುತ್ತದೆ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿರುವಂತೆ ನಮ್ಮಲ್ಲೂ ಇತ್ತು.

"ನಂದೇ" ಎಂದರು.

"ಎರಡನೇ ಸಲ ಎಷ್ಟು ಬಂತು?"

"ನಲವತ್ಮೂರು."

"ಅಜ್ಜ ಏನಂದ್ರು?"

"ಏನೂ ಅನ್ನಲಿಲ್ಲ. ಅದೇ ಕಷ್ಟ ಆಗಿದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಆ ಆರು ತಿಂಗಳು ಗೆಳೆಯರಿಗೆ ಮುಖ ತೋರಿಸಲಾಗದೆ ಹಿತ್ತಲ ಬಾಗಿಲಿಂದ ಓಡಾಡಿದ್ದನ್ನು, ಲೈಬ್ರರಿಗೆಂದು ಹೇಳಿ ತುಂಗಾ ನದಿಯ ದಂಡೆಯಲ್ಲಿ ಕೂತು ಬರುತ್ತಿದ್ದುದನ್ನು ಹೇಳಿದರು. ಅದು ನಾನೂ ಕೇಳಿರದ ಭಾಗ. ಮಗಳು ನೆಲದ ಮೇಲೆ, ಆ ಸುಣ್ಣದ ಚೂರುಗಳ ನಡುವೆಯೇ ಕೂತು ಕೇಳಿದಳು. ಆಮೇಲೆ ಅವಳ ಸರದಿ ಬಂತು. ಎರಡನೇ ಸಲ ಬರೆದು ಹೊರಗೆ ಬಂದಾಗಲೇ ಆಗುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತಂತೆ. ಫಲಿತಾಂಶ ಬರುವವರೆಗೂ ನಮ್ಮ ಮುಂದೆ ನಗುನಗುತ್ತ ಇದ್ದದ್ದೇ ಪರೀಕ್ಷೆಗಿಂತ ಕಷ್ಟವಾಗಿತ್ತಂತೆ. ನಾನು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಕೈ ನಿಂತುಹೋಗಿತ್ತು. ಒಳಗೆ ಹೋಗಲಿಲ್ಲ. ಹೋಗಿದ್ದರೆ ಮಾತು ನಿಲ್ಲುತ್ತಿತ್ತು.

ಆ ಪೆನ್ಸಿಲ್ ಬರಹವನ್ನು ಹಾಗೇ ಉಳಿಸಿಕೊಳ್ಳಬೇಕೆಂದು ನನಗಾಸೆ. ಮೇಸ್ತ್ರಿ ಒಪ್ಪಲಿಲ್ಲ. ಸಡಿಲವಾದದ್ದೆಲ್ಲ ಹೋಗದೆ ಹೊಸದು ಹಿಡಿಯುವುದಿಲ್ಲ, ಡಿಸ್ಟೆಂಪರನ್ನೂ ಕೆರೆಯಲೇಬೇಕು ಎಂದರು. ಸ್ಯಾಂಡ್‌ಪೇಪರ್ ಹಿಡಿದು ಆ 27ನ್ನು ಉಜ್ಜಿದವರು ನಮ್ಮವರೇ. ಬಚ್ಚಲ ಕಡೆಯ ಪೈಪು ಒಡೆದು ನೀರು ಜಿನುಗುತ್ತಿದ್ದದ್ದನ್ನು ಪ್ಲಂಬರ್ ಬಂದು ಸರಿಮಾಡಿದ. ಗೋಡೆ ಒಣಗಲು ಹತ್ತು ದಿನ ಕಾದೆವು. ಆಮೇಲೆ ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್, ಕೊನೆಗೆ ಎರಡು ಕೋಟ್ ಬಣ್ಣ. ಬಣ್ಣ ಮಗಳೇ ಆರಿಸಿದ್ದು, ತಿಳಿ ಕೆನೆ ಬಣ್ಣ. ಬಳಿದದ್ದಕ್ಕೆ ಹಿಡಿದದ್ದು ಒಂದೇ ದಿನ. ಅದಕ್ಕೆ ಮುಂಚಿನ ಕೆಲಸವೇ ಮೂರು ವಾರ.

ಅವಳೀಗ ರಜೆಗೆ ಬಂದಾಗ ಆ ಕೋಣೆಯಲ್ಲೇ ಮಲಗುತ್ತಾಳೆ. ಬಿ.ಎಸ್ಸಿ.ಯಲ್ಲಿ ಒಮ್ಮೆ ಒಂದು ವಿಷಯದಲ್ಲಿ ಅಂಕ ಕಡಿಮೆ ಬಂದಾಗ ಮೊದಲು ಫೋನ್ ಬಂದದ್ದು ಅಪ್ಪನಿಗೆ. "ನಿಮ್ಮ 27ಕ್ಕಿಂತ ಜಾಸ್ತಿ ಬಂದಿದೆ ಬಿಡಿ" ಎಂದಳಂತೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಓದುವ ಮಕ್ಕಳಿರುವ ಮನೆಯವರಿಗೆ ನಾನು ಹೇಳಬಹುದಾದದ್ದು ಮೇಸ್ತ್ರಿಯಿಂದ ಕಲಿತಷ್ಟೇ. ಗೋಡೆಗೆ ಹೊಸ ಬಣ್ಣ ಕೊಡಿಸಿ, ಧಾರಾಳವಾಗಿ ಕೊಡಿಸಿ. ಅದಕ್ಕೆ ಮೊದಲು ಬಿಡುವಾಗಿ ಒಂದು ಸಂಜೆ ಗೆಣ್ಣಿನಿಂದ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬಂದ ಕಡೆ ಮುಟ್ಟುವುದೇ ಬೇಡ. ಟೊಳ್ಳು ಸದ್ದು ಬಂದ ಕಡೆ ಡಬ್ಬಿಯ ಮುಚ್ಚಳ ತೆಗೆಯುವ ಅವಸರ ಮಾಡದೆ ಒಂದಿಷ್ಟು ಬಿಸಿನೀರು ಕಾಯಿಸಿಕೊಂಡು ಬನ್ನಿ.