ಇಟಲಿಯ ಸುಣ್ಣ, ನಮ್ಮೂರ ಕಾವಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಮಂಗಳೂರಿಗೆ ಹೋಗುವುದು ಹೆಚ್ಚಾಗಿ ಆಸ್ಪತ್ರೆಗೆ. ಊರಿನ ಡಾಕ್ಟರು ‘ಕೆಳಗೆ ಹೋಗಿ’ ಎಂದರೆ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಎಂದೇ ಅರ್ಥ. ಹೋದ ವರ್ಷ ಅಪ್ಪನ ತಪಾಸಣೆಗೆಂದು ಮೂರು ಸಲ ಹೋಗಿದ್ದೆ. ಬೆಳಿಗ್ಗೆ ರಕ್ತ ಕೊಟ್ಟರೆ ವರದಿ ಬರುವುದು ಮಧ್ಯಾಹ್ನ. ಎರಡನೇ ಸಲ ಅಪ್ಪನೇ ಹೇಳಿದ: “ನೀ ಇಲ್ಲಿ ಕುಂತು ಎಂತ ಮಾಡ್ತೆ? ಎಲ್ಲಾದ್ರೂ ತಿರಗ್ಯಂಡು ಬಾ.” ಹಾಗೆ ಲೈಟ್‌ಹೌಸ್ ಹಿಲ್ ಹತ್ತಿ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಹೋದೆ.

ಒಳಗೆ ಕಾಲಿಟ್ಟರೆ ಮೊದಲು ಅನ್ನಿಸುವುದು, ಇಲ್ಲಿ ಖಾಲಿ ಗೋಡೆಯೇ ಇಲ್ಲವಲ್ಲ ಎಂದು. ಗೋಡೆ, ಕಮಾನು, ಚಾವಣಿ ಎಲ್ಲ ಕಡೆ ಚಿತ್ರ. ಬಂದವರೆಲ್ಲ ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತುಸು ತೆರೆದು ನಿಂತಿರುತ್ತಾರೆ. ಚಾವಣಿಯ ಮೇಲಿರುವುದು ಅಲೋಶಿಯಸ್ ಗೊಂಜಾಗನ ಬದುಕು. 1568ರಲ್ಲಿ ಉತ್ತರ ಇಟಲಿಯ ಕಾಸ್ತಿಲ್ಯೋನೆ ಎಂಬ ಸಣ್ಣ ಊರಿನ ಪಾಳೆಯಗಾರನ ಹಿರಿಮಗನಾಗಿ ಹುಟ್ಟಿದವನು. ಆಸ್ತಿ, ಅಧಿಕಾರ ಎರಡನ್ನೂ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸಂಘ ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳ ಆರೈಕೆಗೆ ನಿಂತು, ತಾನೂ ಸೋಂಕು ತಗುಲಿಸಿಕೊಂಡು 1591ರಲ್ಲಿ ಸತ್ತ. ಆಗ ಅವನಿಗೆ 23 ವರ್ಷ. ಆಸ್ಪತ್ರೆಯ ಬೆಂಚಿನಿಂದ ಎದ್ದು ಬಂದಿದ್ದ ನನಗೆ ಈ ಕತೆ ಬೇಗ ತಾಗಿತು.

ಈ ಚಿತ್ರಗಳನ್ನು ಬರೆದವನೂ ಅದೇ ಉತ್ತರ ಇಟಲಿಯವನು. ಆಂಟೋನಿಯೊ ಮೊಸ್ಕೇನಿ, ಬೆರ್ಗಮೊ ಪಟ್ಟಣದ ಹತ್ತಿರದ ಸ್ಟೆಜ್ಜಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದವನು. ಬೆರ್ಗಮೊದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತು, ಮೂವತ್ತು ದಾಟಿದ ಮೇಲೆ ಜೆಸ್ವಿಟ್ ಸಂಘಕ್ಕೆ ಸೇರಿದ. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದ. 1878ರ ಕೊನೆಗೆ ಮಂಗಳೂರಿಗೆ ಬಂದಿದ್ದ ಇಟಲಿಯ ಜೆಸ್ವಿಟರು 1880ರಲ್ಲಿ ಕಾಲೇಜು ಶುರು ಮಾಡಿ, ಕೆಲವೇ ವರ್ಷಗಳಲ್ಲಿ ಚಾಪೆಲ್ ಕಟ್ಟಿಸಿದ್ದರು. ಅದರ ಬರಿ ಗೋಡೆಗಳು ಮೊಸ್ಕೇನಿಯ ಕೈಗೆ ಬಂದದ್ದು 19ನೇ ಶತಮಾನ ಮುಗಿಯುವ ಹೊತ್ತಿಗೆ. ಮಂಗಳೂರಿನ ಕೆಲಸದ ನಂತರವೂ ಅವನು ಊರಿಗೆ ಮರಳಲಿಲ್ಲ. ಕೊಚ್ಚಿಯ ಸಾಂತಾಕ್ರೂಜ್ ಇಗರ್ಜಿಗೆ ಚಿತ್ರ ಬರೆದು, ಅದರ ಪ್ರತಿಷ್ಠೆಗೆ ಕೆಲವೇ ದಿನ ಇರುವಾಗ, 1905ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡ.

ಚಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣದವು. ಗೋಡೆಯವು ಫ್ರೆಸ್ಕೊ. ನಾನು ಹೆಚ್ಚು ಹೊತ್ತು ನಿಂತದ್ದು ಗೋಡೆಯ ಮುಂದೆ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ, ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆಯುವುದು. ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೆ ಸೇರಿಹೋಗುತ್ತದೆ. ಹಾಗಾಗಿ ಗಾರೆ ಹಸಿ ಇರುವಾಗಲೇ ಕೆಲಸ ಮುಗಿಯಬೇಕು. ಒಂದು ದಿನದಲ್ಲಿ ಎಷ್ಟು ಬರೆಯಲಾಗುತ್ತದೋ ಅಷ್ಟಕ್ಕೇ ಗಾರೆ ಮೆತ್ತುತ್ತಾರೆ. ಇಟಲಿಯಲ್ಲಿ ಅದಕ್ಕೆ ‘ಜೋರ್ನಾತಾ’ ಎನ್ನುತ್ತಾರೆ, ಅಂದರೆ ಒಂದು ದಿನದ ಕೆಲಸ. ನಮ್ಮ ಕಡೆಯ ಮಾತಿನಲ್ಲಿ ಒಂದು ಆಳಿನ ಕೆಲಸ.

ಇದನ್ನು ನಾನು ಮೊದಲೇ ಕೇಳಿದ್ದೆ. ಇಟಲಿಯ ಬಗ್ಗೆ ಓದಿದ ಪುಸ್ತಕದಲ್ಲಿ ಅಲ್ಲ, ನಮ್ಮ ಕಾವಿ ಚಿತ್ರಗಳ ಬಗ್ಗೆ ವಿಚಾರಿಸುವಾಗ.

ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಕಾವಿ ಚಿತ್ರಗಳಿರುವುದು ಜಾತ್ರೆಗೆ ಹೋದವರಿಗೆಲ್ಲ ಗೊತ್ತು. ಕಾವಿ ಗೋವಾದಿಂದ ನಮ್ಮ ಕರಾವಳಿ, ಘಟ್ಟದ ತನಕ ಹಬ್ಬಿದ್ದ ಕಲೆ. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಅಲೆದು ಅದನ್ನು ದಾಖಲಿಸಿದರು. ಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಹೊಳೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಯಲು ಬಿಡುತ್ತಾರೆ. ಆಮೇಲೆ ಕುಟ್ಟಿ ಹದ ಮಾಡಿ ಗೋಡೆಗೆ ಮೆತ್ತಿ, ಮೇಲೆ ಕೆಂಪು ಹುರಮಂಜಿನ ಪದರ ಹಾಕುತ್ತಾರೆ. ಅದು ಹಸಿ ಇರುವಾಗಲೇ ಚೂಪು ಕಡ್ಡಿಯಿಂದ ಗೆರೆ ಕೊರೆದು, ಬೇಡದ ಕಡೆ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ. ಕೊನೆಗೆ ಹೊಳೆಯ ನುಣುಪು ಕಲ್ಲಿನಿಂದ ತಿಕ್ಕುತ್ತಾರೆ. ಹೀಗೆ ಕೆರೆದು ಬರೆಯುವುದಕ್ಕೆ ಇಟಲಿಯವರಲ್ಲೂ ಒಂದು ಹೆಸರಿದೆ: ‘ಸ್ಗ್ರಾಫಿತೊ’. ಒಂದರಲ್ಲಿ ಬಣ್ಣ ಒಳಗಿಳಿಯುತ್ತದೆ, ಇನ್ನೊಂದರಲ್ಲಿ ಬಣ್ಣ ಕೆರೆದು ಹೋಗುತ್ತದೆ. ಸುಣ್ಣ ಒಂದೇ, ಅವಸರವೂ ಒಂದೇ.

ಮೊಸ್ಕೇನಿಯ ಚಿತ್ರಗಳಿಗೂ ಮಳೆಗಾಲ ಬಿಟ್ಟಿರಲಿಲ್ಲ. 90 ವರ್ಷ ಕರಾವಳಿಯ ತೇವ ತಿಂದ ಮೇಲೆ 1991ರಿಂದ 1994ರ ತನಕ ಇಂಟ್ಯಾಕ್ ಸಂಸ್ಥೆಯವರು ಅವನ್ನು ದುರಸ್ತಿ ಮಾಡಿದರು. ಹೊಸದಾಗಿ ಬರೆಯಲಿಲ್ಲ, ಇದ್ದದ್ದನ್ನು ಉಳಿಸಿದರು. ಅಲ್ಲಿ ಈಗಲೂ ಪೂಜೆ ನಡೆಯುತ್ತದೆ. ನಾನು ನಿಂತಿದ್ದಾಗ ಮುಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳು. ಒಮ್ಮೆಯೂ ತಲೆ ಎತ್ತಿ ಚಿತ್ರ ನೋಡಲಿಲ್ಲ.

ಅವಳನ್ನು ನೋಡುವಾಗ ನನಗೆ ನಮ್ಮೂರಿನ ದೇವಸ್ಥಾನದ ಸಭೆ ನೆನಪಾಯಿತು. ಸಿದ್ದಾಪುರದ ಕಡೆಯ ಸಣ್ಣ ದೇವಸ್ಥಾನ ಅದು. ಪೂರ್ವದ ಗೋಡೆಯಲ್ಲಿ ಎರಡು ಆಳೆತ್ತರದ ಕಾವಿ ಚಿತ್ರವಿದೆ: ಒಂದು ಆನೆ, ಬಳ್ಳಿಗಳು, ಮುಖ ಅಳಿಸಿಹೋದ ಇಬ್ಬರು ದ್ವಾರಪಾಲಕರು. ಸುತ್ತಲಿನ ದೀವರ ಮನೆಗಳ ಕೆಮ್ಮಣ್ಣು ಗೋಡೆಯ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದ ಊರು. ಕೆಂಪು-ಬಿಳಿ ನಮ್ಮ ಕಣ್ಣಿಗೆ ಎಷ್ಟು ರೂಢಿಯೆಂದರೆ ಅದನ್ನು ಯಾರೂ ಕಲೆ ಎನ್ನುವುದಿಲ್ಲ. ಜೀರ್ಣೋದ್ಧಾರದ ಯೋಜನೆಯಲ್ಲಿ ಆ ಗೋಡೆಗೆ ಸಿಮೆಂಟು ಬಳಿದು ಗ್ರಾನೈಟ್ ಹಚ್ಚುವುದೆಂದು ತೀರ್ಮಾನವಾಗಿತ್ತು.

ಸಮಿತಿಯಲ್ಲಿರುವ ಮಾವ ಕೆಟ್ಟವನಲ್ಲ. ಕಳೆದ ಹದಿನೈದು ವರ್ಷ ದೇವಸ್ಥಾನಕ್ಕಾಗಿ ಅವನಷ್ಟು ಓಡಾಡಿದವರಿಲ್ಲ. ಅವನ ಪ್ರಶ್ನೆ ನೇರ: “ನೀ ಪಿಎಚ್‌ಡಿ ಮಾಡ್ತಾ ಇದ್ದೆ ಅಲ್ದ, ನೀನೇ ಹೇಳು. ನೀರು ಒಳಗೆ ಬಪ್ಪದ್ನ ಹ್ಯಾಂಗೆ ತಡೆಯವು?” ನನ್ನ ಸಂಶೋಧನೆಗೂ ಗೋಡೆಗೂ ಸಂಬಂಧವಿಲ್ಲ. ಆದರೆ ಈ ಸಲ ಹೇಳಲು ಒಂದು ವಿಷಯವಿತ್ತು. ಕಲ್ಲಿನ ಗೋಡೆ ನೆಲದ ತೇವ ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು, ಗ್ರಾನೈಟ್ ಕೂತರೆ ನೀರು ಒಳಗೇ ನಿಲ್ಲುತ್ತದೆ. ಗೋಡೆ ಕೆಡುತ್ತಿರುವುದು ಹಳತಾದದ್ದಕ್ಕಲ್ಲ, ಮೇಲಿನ ಹಂಚು ಒಡೆದದ್ದಕ್ಕೆ.

ಸಭೆಯಲ್ಲಿ ಒಬ್ಬರು, “ಇಗರ್ಜಿ ನೋಡಿ ಬಂದು ನಮಗೆ ದೇವಸ್ಥಾನ ಕಟ್ಟೂದು ಹೇಳ್ಕೊಡ್ತ್ಯನ?” ಎಂದರು. ಕೆಲವರು ನಕ್ಕರು. ನಾನು ಸುಣ್ಣಕ್ಕೆ ಜಾತಿಯಿಲ್ಲ ಎಂದೇನೋ ಹೇಳಬಹುದಿತ್ತು. ಅದರಿಂದ ಗೋಡೆ ಉಳಿಯುತ್ತಿರಲಿಲ್ಲ. ಮೊಬೈಲಿನಲ್ಲಿದ್ದ ನಮ್ಮದೇ ಆನೆಯ ಫೋಟೊ ದೊಡ್ಡದು ಮಾಡಿ ಮಾವನ ಕೈಗೆ ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದ. ಆನೆಯ ಕಾಲ ಬಳಿ ಒಂದು ಮರಿಯಾನೆಯೂ ಇರುವುದನ್ನು ಅವನು ಅರವತ್ತು ವರ್ಷದಲ್ಲಿ ಕಂಡಿರಲಿಲ್ಲವಂತೆ.

ಅಷ್ಟರಿಂದ ಎಲ್ಲ ಸರಿಹೋಯಿತು ಎಂದಲ್ಲ. ಆದದ್ದಿಷ್ಟು: ಮೊದಲು ಮಾಡು ರಿಪೇರಿ, ಈ ಮಳೆಗಾಲ ಕಳೆಯುವ ತನಕ ಪೂರ್ವದ ಗೋಡೆ ಮುಟ್ಟುವುದು ಬೇಡ. ಕುಮಟೆಯ ಕಡೆಯಿಂದ ಎಂಬತ್ತರ ಹತ್ತಿರದ ಗಾರೆ ಕೆಲಸದವರೊಬ್ಬರು ಮೊಮ್ಮಗನ ಬೈಕಿನಲ್ಲಿ ಬಂದು ಗೋಡೆ ತಟ್ಟಿ ನೋಡಿದರು. “ಅರ್ಧ ಗಟ್ಟಿ ಉಂಟು ತಮಾ, ಅರ್ಧ ಬಿಟ್ಟದೆ. ಸುಣ್ಣ ಕೊಳೀಲಿ, ಅವಸರ ಮಾಡಿದ್ರೆ ಬಿರುಕು ಬಿಡ್ತದೆ,” ಎಂದರು. ಬೆಳಚಿನ ಚಿಪ್ಪಿನ ಸುಣ್ಣ ಎರಡು ಚೀಲ ತರಿಸಿ, ದೇವಸ್ಥಾನದ ಹಿಂದೆ ಗುಂಡಿ ತೆಗೆದು ನೆನೆಹಾಕಿದ್ದಾರೆ. ಮೊಮ್ಮಗ ಕಲಿಯುತ್ತೇನೆ ಎಂದಿದ್ದಾನೆ, ದಿನದ ಸಂಬಳ ಕೊಟ್ಟರೆ.

ದೀಪಾವಳಿ ಕಳೆದ ಮೇಲೆ ಮತ್ತೆ ಸಭೆ. ಗ್ರಾನೈಟಿನ ಕೊಟೇಶನ್ ಮಾವನ ಕಪಾಟಿನಲ್ಲಿ ಹಾಗೇ ಇದೆ.