ಎಣಿಕೆಯ ದಿನಗಳು

13 ಮೇ 2004, ಗುರುವಾರ, ರಾತ್ರಿ

ತಮ್ಮ ಗುಬ್ಬಿಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದ. “ಗೆದ್ವಿ ಅಕ್ಕ!” ಕೂಗಿ ಕೂಗಿ ಗಂಟಲು ಕಟ್ಟಿದೆ. ಹಿಂದೆ ತಮಟೆ, ಪಟಾಕಿ.

ಎಸ್.ಆರ್. ಶ್ರೀನಿವಾಸ್, ಪಕ್ಷೇತರ. ಊರಿಗೆಲ್ಲ ವಾಸಣ್ಣ.

ಗುಬ್ಬಿ ಪಕ್ಷಗಳನ್ನೇ ಬೇಡ ಅಂದಿತೋ, ಪಕ್ಷಗಳು ನಿಲ್ಲಿಸಿದವರನ್ನು ಬೇಡ ಅಂದಿತೋ? ಕೇಳಿದೆ. “ಪಕ್ಷ ಯಾಕಕ್ಕ, ಮನುಷ್ಯ ಸಾಕು” ಅಂದ. ಇಪ್ಪತ್ತರ ಹುಡುಗನ ಮಾತು. ಆದರೂ ಅದನ್ನೇ ಯೋಚಿಸುತ್ತ ಕೂತೆ.

ನಾನಿರುವ ತುಮಕೂರಿನಲ್ಲಿ ಬಿಜೆಪಿಯ ಸೊಗಡು ಶಿವಣ್ಣ, ಮೂರನೇ ಸಲ. ಚುನಾವಣೆ ಡ್ಯೂಟಿ, ಹಾಗಾಗಿ ನನ್ನದು ಅಂಚೆ ಮತ. ಯಾರಿಗೆ ಹಾಕಿದೆ ಅಂತ ಇಲ್ಲಿಯೂ ಬರೆಯುವುದಿಲ್ಲ.


25 ಮೇ 2008, ಭಾನುವಾರ

ಊರಿನಲ್ಲಿದ್ದೇನೆ. ಜಗಲಿ ತುಂಬ ಜನ. ಕಾಫಿ ಮಾಡಿ ಮಾಡಿ ಸಾಕಾಯಿತು.

ಮತ್ತೆ ವಾಸಣ್ಣ. ಈ ಸಲ ಜೆಡಿಎಸ್. ತಮ್ಮನ ಹೆಗಲ ಮೇಲೆ ಹಸಿರು ಶಲ್ಯ. “ಪಕ್ಷ ಯಾಕೆ” ಅಂದಿದ್ದವನು ಇವನೇ. ನೆನಪಿಸಲಿಲ್ಲ. ಅಷ್ಟು ಖುಷಿಯಲ್ಲಿದ್ದ.

ಸಂಜೆ ಅಕ್ಕನ ಫೋನ್. ಅವಳ ಊರು ಮೊನ್ನೆವರೆಗೂ ಹುಲಿಯೂರುದುರ್ಗ ಕ್ಷೇತ್ರ. ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋಯಿತು. ಈಗ ಕುಣಿಗಲ್. ಗೆದ್ದವರು ಕಾಂಗ್ರೆಸ್ಸಿನ ಬಿ.ಬಿ. ರಾಮಸ್ವಾಮಿ ಗೌಡರು. ಭಾವ ಹಿಂದಿನಿಂದ ಕೂಗಿ ಹೇಳಿದರು: “ಕ್ಷೇತ್ರ ಬದಲಾಯ್ತಮ್ಮ, ಇನ್ನು ಹೇಮಾವತಿ ನೀರು ಬತ್ತದಾ ಕೇಳು!”

ಶಿವಣ್ಣ ನಾಲ್ಕನೇ ಸಲ. ರಾಜ್ಯದಲ್ಲಿ ಬಿಜೆಪಿಗೆ 110. ಅಮ್ಮನ ಮೂವರು ಮಕ್ಕಳು ಮೂರು ಪಕ್ಷದ ಶಾಸಕರ ಕೆಳಗೆ.


5 ಮೇ 2013, ಭಾನುವಾರ, ರಾತ್ರಿ 11

ಈಗ ಬಂದೆ. ಕಾಲು ಊದಿದೆ. ಪೆಟ್ಟಿಗೆ ಒಪ್ಪಿಸುವ ಹೊತ್ತಿಗೆ ಎಂಟು ದಾಟಿತ್ತು. ನನ್ನ ಊರು ಗುಬ್ಬಿ, ಕೆಲಸ ತುಮಕೂರಿನಲ್ಲಿ, ಹಾಗಾಗಿ ಡ್ಯೂಟಿ ಬೇರೆ ಎಲ್ಲಾದರೂ ಬೀಳಬೇಕು. ಈ ಸಲ ಕುಣಿಗಲ್.

ಮಧ್ಯಾಹ್ನ ಒಬ್ಬ ಬಂದ. ನಲವತ್ತು ಇರಬಹುದು. ರಿಜಿಸ್ಟರಿಗೆ ಸಹಿ ಹಾಕಿದ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ. ಆಮೇಲೆ “ನಾನು ಯಾರಿಗೂ ಹಾಕಲ್ಲ, ಬರ್ಕೊಳಿ” ಅಂದ. ಏಜೆಂಟರೆಲ್ಲ ನಕ್ಕರು. ನಿಯಮ 49-ಒ. ಷರಾ ಬರೆದೆ, ಕೆಳಗೆ ಮತ್ತೊಮ್ಮೆ ಸಹಿ ಮಾಡಿದ. ಕೈ ನಡುಗಲಿಲ್ಲ.

ಅವನ ಮತ ಖಾಲಿ ಅಂತ ಇಡೀ ಕೋಣೆಗೆ ಗೊತ್ತಾಯಿತು. ಮಿಕ್ಕವರಿಗೆಲ್ಲ ರಟ್ಟಿನ ಮರೆ, ಅವನಿಗೆ ಮಾತ್ರ ಇಲ್ಲ. ಇದು ಸರಿಯಾ?


8 ಮೇ 2013, ಬುಧವಾರ

ಗುಬ್ಬಿಯಲ್ಲಿ ವಾಸಣ್ಣ. ಎರಡನೆಯವರು ಯಡಿಯೂರಪ್ಪನವರ ಕೆಜೆಪಿ. ಕುಣಿಗಲ್‌ನಲ್ಲಿ ಜೆಡಿಎಸ್, ಡಿ. ನಾಗರಾಜಯ್ಯ. ತುಮಕೂರಿನಲ್ಲಿ ಮಾತ್ರ ಯಾರೂ ಎಣಿಸದ್ದು: ಶಿವಣ್ಣ ಸೋತರು. ಬಿಜೆಪಿ ಮತ ಕೆಜೆಪಿಯ ಜ್ಯೋತಿಗಣೇಶ್ ಜೊತೆ ಹಂಚಿಹೋಯಿತು, ಗೆದ್ದವರು ಕಾಂಗ್ರೆಸ್ಸಿನ ಡಾ. ರಫೀಕ್ ಅಹಮದ್.

ಸ್ಟಾಫ್ ರೂಮಿನಲ್ಲಿ ದಿನವೆಲ್ಲ ಒಂದೇ ಮಾತು. ಇಬ್ಬರ ಮತ ಕೂಡಿದ್ದರೆ? ನಾನು ಗಣಿತದ ಮೇಷ್ಟ್ರಮ್ಮ ಅಂತ ನನ್ನನ್ನೇ ಕೇಳುತ್ತಾರೆ. ಕೂಡಿಸುವುದು ಕಷ್ಟವಲ್ಲ. ಕೂಡುತ್ತಿದ್ದವಾ ಅನ್ನುವುದು ಗಣಿತದ ಪ್ರಶ್ನೆಯಲ್ಲ.


15 ಮೇ 2018, ಮಂಗಳವಾರ

ತಮ್ಮ ಮೂರು ಸಲ ಫೋನ್ ಮಾಡಿದ. ಗುಬ್ಬಿ ನಾಲ್ಕನೇ ಸಲ. ಅಂತರ ಒಂಬತ್ತು ಸಾವಿರ ಚಿಲ್ಲರೆ. “ಹತ್ತು ಸಾವಿರ ಅಂತ ಬರ್ಕೊ” ಅಂದ. ಬರೆದುಕೊಳ್ಳಲಿಲ್ಲ.

ಅಕ್ಕನ ಕಡೆ ಕಾಂಗ್ರೆಸ್ಸಿನ ಡಾ. ಎಚ್.ಡಿ. ರಂಗನಾಥ್, 5,600 ಮತದಿಂದ. ಡಿ.ಕೆ. ಸಹೋದರರ ನೆಂಟರು. ಎದುರಿಗಿದ್ದವರೂ ಅಣ್ಣತಮ್ಮಂದಿರೇ. ಜೆಡಿಎಸ್‌ನಿಂದ ನಾಗರಾಜಯ್ಯ, ಬಿಜೆಪಿಯಿಂದ ಕೃಷ್ಣಕುಮಾರ್. ಇಬ್ಬರ ಮತ ಸೇರಿಸಿದರೆ ಗೆದ್ದವರಿಗಿಂತ ಎಷ್ಟೋ ಮೇಲೆ. “ಒಂದೇ ಮನೇಲಿ ಎರಡು ಗುರುತು ಇದ್ರೆ ಹಿಂಗೇ ಆಗೋದು” ಅಂದಳು ಅಕ್ಕ. ನಮ್ಮ ಮನೆಗೂ ಸೇರಿಸಿ ಹೇಳಿದಳೇನೋ ಅನ್ನಿಸಿತು.

ಈ ಸಲ ಯಂತ್ರದ ಪಕ್ಕ ವಿವಿಪ್ಯಾಟ್. ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತದೆ, ಆಮೇಲೆ ಕೆಳಗೆ ಬೀಳುತ್ತದೆ. ಒಬ್ಬಜ್ಜಿ ಚೀಟಿ ಕೈಗೆ ಕೊಡಿ ಅಂತ ಹಟ ಹಿಡಿದಿತ್ತು. “ನಾ ಹಾಕಿದ್ದು ನಂಗೆ ಬೇಕಲ್ಲ?”


6 ಜೂನ್ 2018

ವಾಸಣ್ಣ ಮಂತ್ರಿ. ಪ್ರಮಾಣವಚನ ನೋಡಲು ಅಮ್ಮ ಬೆಳಿಗ್ಗೆಯೇ ಟಿವಿ ಹಾಕಿಸಿಕೊಂಡು ಕೂತಿದ್ದಳಂತೆ. ಕುಮಾರಸ್ವಾಮಿ ಮುಖ್ಯಮಂತ್ರಿ, ಕಾಂಗ್ರೆಸ್ ಜೊತೆಗೆ. ಗುಬ್ಬಿಯಲ್ಲಿ ಹಸಿರು ಶಲ್ಯ, ಕುಣಿಗಲ್‌ನಲ್ಲಿ ಕೈ ಗುರುತು, ಮೂರು ವಾರದ ಹಿಂದೆ ಒಬ್ಬರನ್ನೊಬ್ಬರು ಬೈದಿದ್ದವರು ಈಗ ಒಂದೇ ಸರ್ಕಾರ. ಭಾವ ತಮ್ಮನಿಗೆ ಫೋನ್ ಮಾಡಿ ಅಭಿನಂದನೆ ಹೇಳಿದರಂತೆ. ಇದೊಂದು ಒಳ್ಳೆಯದಾಯಿತು.


23 ಮೇ 2019

ಲೋಕಸಭೆಗೆ ನಿಂತಿದ್ದ ದೇವೇಗೌಡರು ತುಮಕೂರಿನಲ್ಲಿ ಸೋತರು. 13,339 ಮತದಿಂದ. ಗೆದ್ದದ್ದು ಜಿ.ಎಸ್. ಬಸವರಾಜು. ಸಂಸದರಾಗಿದ್ದ ಮುದ್ದಹನುಮೇಗೌಡರ ಸೀಟು ತೆಗೆದು ಗೌಡರಿಗೆ ಕೊಟ್ಟದ್ದು.

ತಮ್ಮ ಫೋನ್ ಎತ್ತಲಿಲ್ಲ. ಅವನ ಹೆಂಡತಿ ಎತ್ತಿದಳು. “ತೋಟಕ್ಕೆ ಹೋಗವ್ರೆ ಅಕ್ಕ” ಅಂದಳು. ರಾತ್ರಿ ಒಂಬತ್ತಕ್ಕೆ.


23 ಜುಲೈ 2019, ಮಂಗಳವಾರ

ಸರ್ಕಾರ ಬಿತ್ತು. 99–105.

ಹೋದ ತಿಂಗಳಷ್ಟೇ ವಾಸಣ್ಣನಿಗೆ ಸಣ್ಣ ಕೈಗಾರಿಕೆಯಿಂದ ಖಾತೆ ಬದಲಾಗಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಬಂದಿತ್ತು. ನಮ್ಮದೇ ಇಲಾಖೆ. ಸ್ಟಾಫ್ ರೂಮಿನಲ್ಲಿ ತಮಾಷೆ, “ಮೇಡಂ, ನಿಮ್ಮೂರ ಮಂತ್ರಿ, ನಮ್ಮದೊಂದು ವರ್ಗಾವಣೆ.” ನಾನು ಅವರನ್ನು ಹತ್ತಿರದಿಂದ ಕಂಡವಳೇ ಅಲ್ಲ. ಹೇಳಿದರೆ ಯಾರೂ ನಂಬಲಿಲ್ಲ. ಇವತ್ತು ಯಾರೂ ಆ ಮಾತು ಎತ್ತಲಿಲ್ಲ. ನಿರಾಳ. ಸ್ವಲ್ಪ ಬೇಜಾರೂ.


10 ಜೂನ್ 2022, ಶುಕ್ರವಾರ

ರಾಜ್ಯಸಭೆ ಮತದಾನ. ನಮ್ಮ ಜಿಲ್ಲೆಯ ಜಗ್ಗೇಶ್ ಗೆದ್ದರು. ಆದರೆ ಟಿವಿ ತುಂಬ ಗುಬ್ಬಿಯದೇ ಸುದ್ದಿ. ಕೋಲಾರದ ಜೆಡಿಎಸ್ ಶಾಸಕ ಶ್ರೀನಿವಾಸಗೌಡರು ಕಾಂಗ್ರೆಸ್ಸಿಗೆ ಹಾಕಿದೆ ಅಂತ ತಾವೇ ಹೇಳಿಕೊಂಡರು. ಗುಬ್ಬಿ ಶ್ರೀನಿವಾಸ್ ಮತಪತ್ರ ಖಾಲಿ ಬಿಟ್ಟರು ಅನ್ನುವುದು ಜೆಡಿಎಸ್‌ನವರ ಆರೋಪ. ಅವರು ಅದನ್ನು ಒಪ್ಪುತ್ತಿಲ್ಲ.

ಅಲ್ಲಿ ಶಾಸಕ ತಾನು ಹಾಕಿದ ಮತವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕು. ಅದೇ ಕಾನೂನು. ನಾನು ಇಷ್ಟು ವರ್ಷ ಕಾದದ್ದು ಮರೆಯನ್ನು. ಗಂಡನೂ ಹೆಂಡತಿಯ ಮತ ಇಣುಕಬಾರದು ಅಂತ ಎಷ್ಟು ಜನರನ್ನು ಹಿಂದೆ ಸರಿಸಿಲ್ಲ. ಶಾಸಕನಿಗೆ ಆ ಮರೆ ಇಲ್ಲ. ಹಣಕ್ಕೆ ಮತ ಮಾರುತ್ತಾರೆ ಅಂತ ತೆಗೆದರು. ಸರಿಯೇ. ಆದರೆ ಪಕ್ಷ ಹೇಳಿದವರಿಗೇ ಹಾಕಬೇಕು, ಹಾಕಿದ್ದನ್ನು ತೋರಿಸಬೇಕು ಅಂದರೆ, ಗುಬ್ಬಿಯ ಜನ ಆರಿಸಿದ ಆ ‘ಮನುಷ್ಯ’ ಎಲ್ಲಿ ಬಂದ?

49-ಒ ಹೇಳಿದ್ದ ಕುಣಿಗಲ್‌ನವನು ನೆನಪಾದ.

ತಮ್ಮನಿಗೆ ಫೋನ್ ಮಾಡಿದೆ. “ನೀನು ಟಿವಿ ನೋಡಬೇಡ” ಅಂದ.


ಜೂನ್ ಕೊನೆ, 2022

ಜೆಡಿಎಸ್‌ನಿಂದ ವಾಸಣ್ಣನ ಉಚ್ಚಾಟನೆ. ತಮ್ಮನನ್ನು ಯಾರೂ ಉಚ್ಚಾಟಿಸಿಲ್ಲ, ಅವನಿಗೆ ಎತ್ತ ಹೋಗಬೇಕು ಅಂತ ಗೊತ್ತಿಲ್ಲ. ಜೆಡಿಎಸ್ ಗುಬ್ಬಿಗೆ ಬೇರೆಯವರನ್ನು ಹುಡುಕಿಟ್ಟು ವರ್ಷವಾಗುತ್ತ ಬಂತು.

ಹಸಿರು ಶಲ್ಯವನ್ನು ಅಮ್ಮ ಕೊನೆಗಾಲದಲ್ಲಿ ರಾಗಿಹಿಟ್ಟಿನ ಡಬ್ಬಕ್ಕೆ ಮುಚ್ಚಿದ್ದಳು. ಇನ್ನೂ ಅಲ್ಲೇ ಇದೆ. ತಮ್ಮ ತೆಗೆದಿಲ್ಲ, ಹಾಕಿಕೊಂಡೂ ಇಲ್ಲ.


31 ಮಾರ್ಚ್ 2023

ಈ ವಾರ ಶಾಸಕ ಸ್ಥಾನಕ್ಕೆ ವಾಸಣ್ಣನ ರಾಜೀನಾಮೆ, ಬೆನ್ನಿಗೇ ಕಾಂಗ್ರೆಸ್. ಚುನಾವಣೆಯೂ ಘೋಷಣೆಯಾಯಿತು. ನನ್ನ ಡ್ಯೂಟಿ ಪತ್ರ ಬರುತ್ತದೆ, ಇದೇ ಕೊನೆಯದು.

ತಮ್ಮ ಹೊಸ ಶಲ್ಯದ ಫೋಟೊ ಕಳಿಸಿದ್ದಾನೆ. ಮೂರು ಬಣ್ಣ. ಮುಖದಲ್ಲಿ ನಗು ಇಲ್ಲ. ಅಕ್ಕ ಅದಕ್ಕೆ ಹೆಬ್ಬೆರಳು ಎತ್ತಿದ್ದಾಳೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಕಡೆ.


13 ಮೇ 2023, ಶನಿವಾರ

ಗುಬ್ಬಿ: ವಾಸಣ್ಣ, 60,520. ಬಿಜೆಪಿಯ ದಿಲೀಪ್‌ಕುಮಾರ್ ಎದುರು ಅಂತರ 8,541. ಜೆಡಿಎಸ್‌ನ ನಾಗರಾಜು ಮೂರನೆಯವರು, 43 ಸಾವಿರ. ಐದು ಗೆಲುವು.

ಕುಣಿಗಲ್: ರಂಗನಾಥ್, 26,573 ಅಂತರ.

ತುಮಕೂರು: ಜ್ಯೋತಿಗಣೇಶ್, ಈಗ ಬಿಜೆಪಿಯಿಂದ. ಕೂದಲೆಳೆ, 3 ಸಾವಿರ ಚಿಲ್ಲರೆ. ಶಿವಣ್ಣ ಪಕ್ಷೇತರರಾಗಿ ಜೋಳಿಗೆ ಹಿಡಿದು ಮತ ಕೇಳಿದ್ದರು. ನಾಲ್ಕು ಸಲ ಗೆಲ್ಲಿಸಿದ ಊರು ಈ ಸಲ ಕೈ ಹಿಡಿಯಲಿಲ್ಲ. ‘ಮನುಷ್ಯ ಸಾಕು’ ಅನ್ನುವುದು ಗುಬ್ಬಿಯಲ್ಲಿ ನಡೆಯಿತು, ಇಪ್ಪತ್ತು ಕಿಲೋಮೀಟರ್ ಈಚೆ ನಡೆಯಲಿಲ್ಲ. ಯಾಕೆ?

ಮಲಗುವ ಮುಂಚೆ ಸುಮ್ಮನೆ ಲೆಕ್ಕ ಹಾಕಿದೆ. ಗುಬ್ಬಿಯಲ್ಲಿ ಎರಡನೆಯವರು, ಮೂರನೆಯವರು ಸೇರಿದರೆ 95 ಸಾವಿರದ ಆಸುಪಾಸು. ಅಂದರೆ ಬೇರೆಯವರಿಗೆ ಹಾಕಿದವರೇ ಹೆಚ್ಚು. ಅದೇನೂ ಗುಬ್ಬಿಗಷ್ಟೇ ಅಲ್ಲ, ತುಮಕೂರಿನಲ್ಲೂ ಅಷ್ಟೇ. ತಮ್ಮನಿಗೆ ಹೇಳಿದರೆ, “ಅವ್ರು ಯಾರೂ ಒಬ್ಬನಿಗೇ ಹಾಕಿಲ್ಲವಲ್ಲ ಅಕ್ಕ” ಅಂದ. ಅದೂ ನಿಜ. ಮೂರು ಗುರುತಿನಲ್ಲಿ ಐದು ಸಲ ಒಬ್ಬನನ್ನೇ ಹುಡುಕಿ ಒತ್ತಿದವರೂ ಇದ್ದಾರೆ, ಅದೂ ನಿಜ.


31 ಮೇ 2023

ನಿವೃತ್ತಿ. ಹಾರ, ಶಾಲು, ಉಪ್ಪಿಟ್ಟು, ಕೇಸರಿಬಾತು. ಭಾಷಣದಲ್ಲಿ ಎಲ್ಲರೂ ನನ್ನ ಗಣಿತ ಹೊಗಳಿದರು. ಚುನಾವಣೆ ಕೆಲಸದ ಬಗ್ಗೆ ಒಬ್ಬರೂ ಹೇಳಲಿಲ್ಲ. ಹೇಳಬೇಕಿತ್ತಾ? ಗೊತ್ತಿಲ್ಲ.


28 ಜನವರಿ 2024

ವಾಸಣ್ಣ ಕೆಎಸ್‌ಆರ್‌ಟಿಸಿ ಅಧ್ಯಕ್ಷ. ಮಂತ್ರಿ ಮಾಡಲಾಗದ ಶಾಸಕರಿಗೆ ನಿಗಮ, ಮಂಡಳಿ. ತಮ್ಮ ಬಸ್ಸಿನಲ್ಲಿ ಬಂದಿದ್ದ. “ನಮ್ಮ ಬಸ್ಸು” ಅಂದ. “ನಿಮ್ಮ ಬಸ್ಸಲ್ಲಿ ನನಗೆ ಪುಕ್ಕಟೆ, ನೀನು ಕಾಸು ಕೊಡಬೇಕು” ಅಂದೆ. ಶಕ್ತಿ ಯೋಜನೆಯಿಂದ ಅಕ್ಕ ತಿಂಗಳಿಗೊಮ್ಮೆ ಕುಣಿಗಲ್‌ನಿಂದ ಬರುತ್ತಾಳೆ. ಮೊದಲು ಹಬ್ಬಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.


4 ಜೂನ್ 2024

ಲೋಕಸಭೆ. ಇಲ್ಲಿ ಬಿಜೆಪಿಯ ಸೋಮಣ್ಣ, ಅಂತರ 1,75,594. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದು. ಅಲ್ಲಿ ಡಾ. ಮಂಜುನಾಥ್ ಎದುರು ಡಿ.ಕೆ. ಸುರೇಶ್ ಸೋತರು, ಎರಡೂವರೆ ಲಕ್ಷದ ಮೇಲೆ. ಈಗ ಬಿಜೆಪಿ, ಜೆಡಿಎಸ್ ಒಟ್ಟಿಗೆ. ಗುಬ್ಬಿಯ 52 ಸಾವಿರ, 43 ಸಾವಿರ ಕೂಡಿಸಿ ಹೋದ ವರ್ಷ ಲೆಕ್ಕ ಹಾಕಿದ್ದೆ. ತಮ್ಮನೂ ಅದೇ ಲೆಕ್ಕ ಹಾಕುತ್ತಿದ್ದಾನೆ. 2028ಕ್ಕೆ.


5 ಜನವರಿ 2025

ಬಸ್ ದರ ಇವತ್ತಿನಿಂದ ಶೇ 15 ಏರಿಕೆ. ತಮ್ಮ “ನಮ್ಮ ಬಸ್ಸು” ಅನ್ನುವುದನ್ನು ನಿಲ್ಲಿಸಿದ್ದಾನೆ.


31 ಮೇ 2025, ಶನಿವಾರ

ಗುಬ್ಬಿ ತಾಲ್ಲೂಕಿನ ಸುಂಕಾಪುರ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ರೈತರು, ಸ್ವಾಮಿಗಳು, ವಿರೋಧ ಪಕ್ಷದ ಶಾಸಕರು. ನಿಷೇಧಾಜ್ಞೆ. ಎಲ್ಲಿ ನೋಡಿದರೂ ಪೊಲೀಸರು.

ಗೊರೂರಿನಿಂದ ಬಾಗೂರು-ನವಿಲೆ ಸುರಂಗ ದಾಟಿ ಬರುವ ನೀರು ಕಾಲುವೆಯ ಕೊನೆಯಲ್ಲಿರುವ ಕುಣಿಗಲ್‌ಗೆ ಮುಟ್ಟುವುದೇ ಇಲ್ಲ ಅನ್ನುವುದು ಭಾವನ ಹಳೆಯ ದೂರು. ಸುಳ್ಳಲ್ಲ. 2008ರಿಂದ ನಾನೇ ಕೇಳುತ್ತಿದ್ದೇನೆ. ಈಗ ಗುಬ್ಬಿ ತಾಲ್ಲೂಕಿನಿಂದ ನೇರ ಪೈಪು, ಸಾವಿರ ಕೋಟಿಯ ಹತ್ತಿರದ ಕೆಲಸ. ಪೈಪಿನ ಬಾಯಿ ಮೇಲಿದ್ದರೆ ನಮ್ಮ ಕೆರೆಗಳಿಗೆ ಏನು ಉಳಿಯುತ್ತದೆ, ನೀರು ಕುಣಿಗಲ್ ದಾಟಿ ಮಾಗಡಿಗೂ ಹೋಗುತ್ತದೆ, ಅನ್ನುವುದು ತಮ್ಮನ ಭಯ. ಅವನ ತೆಂಗು, ಅಡಿಕೆ ನಿಂತಿರುವುದೇ ಅದರ ಮೇಲೆ. ಅದೂ ಸುಳ್ಳಲ್ಲ. ನಾನು ಬುಗುಡನಹಳ್ಳಿ ಕೆರೆಯಿಂದ ನಲ್ಲಿಗೆ ಬರುವ ಅದೇ ಹೇಮಾವತಿ ಕುಡಿದುಕೊಂಡು ಇಬ್ಬರದೂ ಕೇಳುತ್ತೇನೆ.

ತಮ್ಮ ಸುಂಕಾಪುರಕ್ಕೆ ಹೋಗಿದ್ದ. ಶಲ್ಯ ಇಲ್ಲದೆ. “ಯಾರ ಕಡೆಯಿಂದ ಹೋದೆ?” ಅಂದೆ. “ತೋಟದ ಕಡೆಯಿಂದ.”

ಗುಬ್ಬಿಯಲ್ಲೂ ಕಾಂಗ್ರೆಸ್, ಕುಣಿಗಲ್‌ನಲ್ಲೂ ಕಾಂಗ್ರೆಸ್, ನೀರಾವರಿ ಮಂತ್ರಿ ಡಿ.ಕೆ. ಶಿವಕುಮಾರ್. ಒಂದೇ ಗುರುತಾದರೆ ಜಗಳ ತೀರುತ್ತದೆ ಅಂದುಕೊಂಡಿದ್ದೆವು, ಶುರುವಾದದ್ದೇ ಆಮೇಲೆ. ಗುರುತು ಹುಡುಕದೆ ಆರಿಸಿದ ಮನುಷ್ಯ ಈಗ ಏನು ಮಾಡಬೇಕು? ಪಕ್ಷ ಬಿಟ್ಟು ಬಂದರೆ ಅಧಿಕಾರ ಇಲ್ಲ, ಅಧಿಕಾರ ಇಲ್ಲದೆ ನೀರು ಉಳಿಸುವುದು ಹೇಗೆ? ಪಕ್ಷದಲ್ಲೇ ಇದ್ದರೆ ಮತ್ತೆ ಅದೇ ಏಜೆಂಟರಿಗೆ ತೋರಿಸುವ ಮತ. ನಾನಾಗಿದ್ದರೆ? ಹೊಳೆಯುವುದಿಲ್ಲ.


7 ಜೂನ್ 2025, ಶನಿವಾರ

ನಾಳೆ ಅಮ್ಮನ ತಿಥಿ, ನಮ್ಮ ಮನೆಯಲ್ಲೇ. ಅಕ್ಕ, ಭಾವ ಕುಣಿಗಲ್‌ನಿಂದ ಮೊದಲ ಬಸ್ಸಿಗೆ. ತಮ್ಮ, ಅವನ ಹೆಂಡತಿ ಗುಬ್ಬಿಯಿಂದ ಹತ್ತರೊಳಗೆ. ತರಕಾರಿ ಬಂತು. ಬಾಳೆ ಎಲೆ ತಮ್ಮ ತೋಟದಿಂದಲೇ ತರುತ್ತಾನೆ.

ಭಾವನಿಗೂ ತಮ್ಮನಿಗೂ ಒಂದು ವಾರದಿಂದ ಮಾತಿಲ್ಲ. ನೀರಿನ ವಿಷಯ ಎತ್ತಬೇಡಿ ಅಂತ ಇಬ್ಬರಿಗೂ ಫೋನ್ ಮಾಡಿದೆ. “ನಾನ್ಯಾಕೆ ಎತ್ತಲಿ, ಅವನೇ ಎತ್ತೋದು” ಅಂದರು ಭಾವ. ತಮ್ಮನೂ ಅದನ್ನೇ ಅಂದ. ಎತ್ತಿಯೇ ಎತ್ತುತ್ತಾರೆ. ಊಟ ಮುಗಿಯುವವರೆಗಾದರೂ ತಡೆಯಬೇಕು.