ಹರಿಗೋಲು ಕೊಳ್ಳೋದು ಯಾವಾಗ?

ನಮ್ಮ ಮೈಲಾರದಲ್ಲಿ ಹೊಳೆ ತುಂಬಿದ ಮೇಲೆ ಹರಿಗೋಲು ಕೊಳ್ಳಲು ಹೋದರೆ ಅವರು ಹೇಳಿದ್ದೇ ರೇಟು. ಹೋದ ವರ್ಷ ನಾವೂ ಹಾಗೇ ಹೋದೆವು. ಶ್ರಾವಣದ ಜಿಟಿಜಿಟಿಯಲ್ಲಿ ಬಳಿದ ಡಾಂಬರು ಒಣಗಿರಲಿಲ್ಲ. ತುಂಗಭದ್ರೆಯ ನಡುವೆ ಅಪ್ಪ ಹುಟ್ಟು ಹಾಕುತ್ತಿದ್ದರೆ ನಾವು ಚೆಂಬಿನಿಂದ ನೀರು ಹೊರಗೆ ಚೆಲ್ಲುತ್ತಿದ್ದೆವು. ಅವತ್ತು ಬಲೆ ಬಿಡಲೇ ಇಲ್ಲ.

ಈ ಸಲ ಭರತ ಹುಣ್ಣಿಮೆ ಜಾತ್ರೆ, ಕಾರ್ಣಿಕ ಮುಗಿದ ಮೇಲೆ ಕೊಂಡೆವು. ಆಗ ಹೊಳೆ ಇಳಿದಿರುತ್ತದೆ, ಕೇಳುವವರೂ ಕಡಿಮೆ. ಕವುಚಿ ಹಾಕಿ, ಬಿದಿರಿಗೆ ಹುಳ ಬಿದ್ದಿದೆಯೇ ಎಂದು ತಟ್ಟಿ ನೋಡಬಹುದು. ಡಾಂಬರನ್ನು ಬಿಸಿಲೇ ಒಣಗಿಸುತ್ತದೆ.

ತೊಡಕೆಂದರೆ ಆಗ ಕೈಯಲ್ಲಿ ದುಡ್ಡಿರುವುದಿಲ್ಲ. ಅವ್ವ ಸಂಘದಲ್ಲಿ ಸಾಲ ಎತ್ತಿದಳು. ಮಳೆಗಾಲದವರೆಗೂ ದುಡಿಯದ ಹರಿಗೋಲಿಗೆ ವಾರ ವಾರ ಕಂತು ಕಟ್ಟುತ್ತಿದ್ದೇವೆ. ಅದು ಹಿತ್ತಲಲ್ಲಿ ಕವುಚಿ ಬಿದ್ದಿದೆ. ಅದರಡಿ ಕೋಳಿ ಕಾವು ಕೂತಿದೆ.